ವರ್ಗಾವಣೆ ಅಂತ ಬರೆದವನು ನಾನೇ



ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಪೂರ್ತಿ ಓದಿ. ಅರ್ಧಕ್ಕೆ ನಿಲ್ಲಿಸಿದರೆ ಇದು ಹಾಸ್ಟೆಲುಗಳ ವಿರುದ್ಧ ಬರೆದದ್ದು ಅನ್ನಿಸಬಹುದು. ನಾನು ಹಾಸ್ಟೆಲಿನ ಅನ್ನ ತಿಂದು ಬೆಳೆದವನು. ಆ ಅನ್ನದ ಋಣ ಇರೋದರಿಂದಲೇ ಇದನ್ನ ಬರೀತಿದ್ದೀನಿ.

ನಮ್ಮೂರಲ್ಲಿ ಶಾಲೆ ಇದ್ದದ್ದು ನಾಲ್ಕನೇ ಕ್ಲಾಸಿನವರೆಗೆ. ಅಪ್ಪ ಕಂಡೋರ ಮನೆ ಆಳು. ಐದನೇ ಕ್ಲಾಸಿಗೆ ಒಂದು ತಗಡಿನ ಟ್ರಂಕು, ಒಂದು ತಟ್ಟೆ ಲೋಟ ಕೊಡಿಸಿ ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲಿಗೆ ಬಿಟ್ಟು, ಹಿಂದೆ ತಿರುಗಿ ನೋಡದೆ ಹೊರಟುಹೋದ. ತಿರುಗಿ ನೋಡಿದ್ರೆ ನಾನೂ ಹಿಂದೆನೇ ಓಡಿ ಬರ್ತೀನಿ ಅಂತ ಅವನಿಗೆ ಗೊತ್ತಿತ್ತು. ಅಲ್ಲಿಂದ ಬಿ.ಎ. ಮುಗಿಸೋವರೆಗೆ ನಾನು ಹಾಸ್ಟೆಲಿನ ಹುಡುಗ. ಇವತ್ತು ಒಂದು ಕಾಲೇಜಿನ ಆಫೀಸಲ್ಲಿ ಗುಮಾಸ್ತ. ಹಗಲು ಇನ್‌ವರ್ಡು ಔಟ್‌ವರ್ಡು, ಸಂಜೆ ಸಂಘಟನೆ.

ಹಾಸ್ಟೆಲು ಅಂದ್ರೆ ನಮಗೆ ಬರೀ ಕಟ್ಟಡ ಅಲ್ಲ. 1897ರಲ್ಲೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ನಮ್ಮ ಮಕ್ಕಳ ಓದಿಗೆ ಅಂತ ಸಂಸ್ಥೆ ಕಟ್ಟಿ ಅವರ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದರು. ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಶುರು ಮಾಡಿದ್ದು 1924ರಲ್ಲಿ. ಮರುವರ್ಷವೇ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆದರು. ನಮ್ಮ ಮಕ್ಕಳು ಕೇರಿಯಿಂದ ಹೊರಗೆ ಬಂದು ಒಂದು ಕಡೆ ಕೂತು ಓದೋದಕ್ಕೆ ಜಾಗ ಬೇಕು ಅನ್ನೋದು ಅವರಿಗೆ ಅಷ್ಟು ಮುಖ್ಯವಾಗಿ ಕಂಡಿತ್ತು. ಕರ್ನಾಟಕದ ದಲಿತ ಚಳವಳಿಗೆ ಬಂದ ಎಷ್ಟೋ ಹುಡುಗರು ಹಾಸ್ಟೆಲಿನ ಕೋಣೆಗಳಿಂದಲೇ ಎದ್ದು ಬಂದವರು.

ಇಷ್ಟು ಹೇಳಿ ಈಗ ನನ್ನ ತಪ್ಪು ಹೇಳ್ತೀನಿ. ಯಾವ ತಾಲ್ಲೂಕು, ಯಾವ ಹಾಸ್ಟೆಲು ಅಂತ ಬರೆಯಲ್ಲ, ಕೇಳಬೇಡಿ. ಮಗುವಿನ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೀನಿ. ಆ ಮಗು ಈಗ ದೊಡ್ಡವನಾಗಿದ್ದಾನೆ. ಅವನನ್ನ ಕೇಳಿಯೇ ಬರೀತಿದ್ದೀನಿ.

2016ನೇ ಇಸವಿ. ದಸರಾ ರಜ ಮುಗಿದಿತ್ತು. ಭಾನುವಾರ ಬೆಳಿಗ್ಗೆ ಒಬ್ಬ ತಾಯಿ ನಮ್ಮ ಮನೆಗೆ ಬಂದ್ರು. ಕೂಲಿ ಮಾಡೋರು, ಗಂಡ ಇಲ್ಲ. "ಅಣ್ಣ, ಮಗ ರಜಕ್ಕೆ ಬಂದವನು ವಾಪಸ್ ಹೋಗಲ್ಲ ಅಂತಾನೆ. ಹೊಡ್ದೆ, ಆದ್ರೂ ಹೋಗಲ್ಲ ಅಂತಾನೆ. ರಾತ್ರಿ ಬೆಚ್ಚಿ ಏಳ್ತಾನೆ. ನಿನ್ನೆ ಅವರಜ್ಜಿ ಹತ್ರ ಬಾಯಿ ಬಿಟ್ಟವ್ನೆ" ಅಂದ್ರು. ಆಮೇಲೆ ಹೇಳಿದ್ದನ್ನ ನಾನು ಇಲ್ಲಿ ಬರೆಯಲ್ಲ. ವಾರ್ಡನ್ನು ರಾತ್ರಿ ಹೊತ್ತು ಹುಡುಗರನ್ನ ಒಬ್ಬೊಬ್ಬರನ್ನೇ ರೂಮಿಗೆ ಕರೆಸ್ತಿದ್ದ ಅನ್ನೋದು ಅದರ ಸಾರಾಂಶ. ಹುಡುಗ ಆಗ ಏಳನೇ ಕ್ಲಾಸು.

ಸಂಜೆ ನಾವು ಐದಾರು ಜನ ಐಬಿಯಲ್ಲಿ ಕೂತ್ವಿ. ಎಲ್ಲರೂ ಸಂಘಟನೆಯವರೇ, ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಹಾಸ್ಟೆಲಲ್ಲಿ ಇದ್ದೋರೇ. ಅಲ್ಲಿ ಆಡಿದ ಮಾತುಗಳು ನನಗೆ ಈಗಲೂ ಹಾಗೇ ನೆನಪಿವೆ.

"ಕೇಸು ಗೀಸು ಅಂದ್ರೆ ಆ ಅಮ್ಮ ಕೂಲಿ ಬಿಟ್ಟು ಎಲ್ಲಿ ಓಡಾಡ್ತಾರೆ?"

"ಪೇಪರಲ್ಲಿ ಬಂದ್ರೆ ಯಾರೂ ಮಕ್ಕಳನ್ನ ಹಾಸ್ಟೆಲಿಗೆ ಸೇರಿಸಲ್ಲ. ಮುಚ್ಚೋಕೆ ಕಾಯ್ತಾ ಇರೋರಿಗೆ ನಾವೇ ನೆಪ ಕೊಟ್ಟಂಗಾಗುತ್ತೆ."

"ಹುಡುಗನ ಮರ್ಯಾದೆ ಪ್ರಶ್ನೆ ಕಣಣ್ಣ. ಗಂಡು ಹುಡುಗ, ನಾಳೆ ಊರಲ್ಲಿ ಆಡ್ಕೊಳಲ್ವಾ?"

ಕೊನೆಗೆ ಒಬ್ಬರು ತಲೆ ತಗ್ಗಿಸಿಕೊಂಡು ಹೇಳಿದ್ರು: "ಅವನೂ ನಮ್ಮವನೇ. ಕಷ್ಟಪಟ್ಟು ಓದಿ ಕೆಲಸಕ್ಕೆ ಬಂದೋನು. ಹೆಂಡ್ರು ಮಕ್ಕಳಿದ್ದಾರೆ."

ಇವರು ಕೆಟ್ಟವರಲ್ಲ. ಪೊಲೀಸ್ ಲಾಠಿ ತಿಂದೋರು, ಮನೆ ಮಠ ಬಿಟ್ಟು ಹೋರಾಟ ಮಾಡಿದೋರು. ಆ ಮಾತುಗಳಲ್ಲಿ ಒಂದೊಂದೂ ಆವತ್ತು ನನಗೆ ಸರಿ ಅನ್ನಿಸ್ತು. ಮನವಿ ಪತ್ರ ಬರೆಯೋ ಕೆಲಸ ಯಾವಾಗಲೂ ನನ್ನದೇ. ಬಿ.ಎ. ಮಾಡಿದೋನು, ಆಫೀಸ್ ಭಾಷೆ ಗೊತ್ತಿರೋನು. ಬರೆದೆ.

"ವಿಷಯ: ವಿದ್ಯಾರ್ಥಿ ನಿಲಯದ ಮೇಲ್ವಿಚಾರಕರನ್ನು ವರ್ಗಾವಣೆ ಮಾಡುವ ಬಗ್ಗೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿಯವರು ಮಕ್ಕಳೊಂದಿಗೆ ಅನುಚಿತವಾಗಿ ವರ್ತಿಸುತ್ತಿದ್ದು..."

ಅನುಚಿತ ವರ್ತನೆ. ಹನ್ನೆರಡು ವರ್ಷದ ಮಗುವಿಗೆ ಆದದ್ದಕ್ಕೆ ನಾನು ಕೊಟ್ಟ ಹೆಸರು ಅದು.

ಆಫೀಸಿಗೆ ಇಪ್ಪತ್ತು ಮೂವತ್ತು ಜನ ಹೋದ್ವಿ, ಘೋಷಣೆ ಕೂಗಿದ್ವಿ, ಮನವಿ ಕೊಟ್ಟು ಸೀಲು ಹಾಕಿಸ್ಕೊಂಡ್ವಿ. ಎರಡು ವಾರದಲ್ಲಿ ವರ್ಗಾವಣೆ ಆಯ್ತು. ಇದೇ ಫೇಸ್‌ಬುಕ್ಕಲ್ಲಿ "ಹೋರಾಟಕ್ಕೆ ಸಂದ ಜಯ" ಅಂತ ಫೋಟೊ ಹಾಕಿದ್ವಿ. ಹಳಬರಿಗೆ ನೆನಪಿರಬಹುದು, ನಿಮ್ಮಲ್ಲೂ ಕೆಲವರು ಲೈಕ್ ಒತ್ತಿದ್ದೀರಿ.

ವರ್ಗಾವಣೆ ಆದದ್ದು ಎಲ್ಲಿಗೆ? ಇನ್ನೊಂದು ತಾಲ್ಲೂಕಿನ ಇನ್ನೊಂದು ಹಾಸ್ಟೆಲಿಗೆ. ಅಲ್ಲಿಯೂ ನಮ್ಮ ಮಕ್ಕಳೇ ಇದ್ದರು.

2018ರಲ್ಲಿ ಬಿಹಾರದ ಮುಜಫ್ಫರ್‌ಪುರದ ಸುದ್ದಿ ಬಂತು. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಸರ್ಕಾರದ ದುಡ್ಡಲ್ಲಿ ಒಂದು ಸಂಸ್ಥೆ ನಡೆಸ್ತಿದ್ದ ಹೆಣ್ಣುಮಕ್ಕಳ ಆಶ್ರಯಧಾಮ ಅದು. ಅಲ್ಲಿನ ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು. 2020ರ ಜನವರಿಯಲ್ಲಿ ದೆಹಲಿಯ ಕೋರ್ಟು 19 ಜನರನ್ನ ತಪ್ಪಿತಸ್ಥರು ಅಂತ ಹೇಳಿತು. ಧಾಮ ನಡೆಸ್ತಿದ್ದವನಿಗೆ ಸಾಯೋವರೆಗೆ ಜೈಲು.

ಆ 19 ಜನರಲ್ಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಕೂತಿದ್ದವರು, ಜಿಲ್ಲೆಯ ಮಕ್ಕಳ ರಕ್ಷಣಾ ಅಧಿಕಾರಿ ಆಗಿದ್ದವನು ಕೂಡ ಇದ್ದರು. ಅಂದರೆ ಆ ಮಕ್ಕಳನ್ನ ಕಾಯಬೇಕು, ಹೋಗಿ ನೋಡಿ ಬರಬೇಕು ಅಂತ ಕಾನೂನು ಯಾರನ್ನ ನೇಮಿಸಿತ್ತೋ ಅವರೇ. ಅಲ್ಲಿ ತಪಾಸಣೆ ನಡೆದಿರಲಿಲ್ಲ ಅಂತಲ್ಲ, ನಡೀತಾನೇ ಇತ್ತು. ಆದರೆ ಸತ್ಯ ಹೊರಗೆ ಬಂದದ್ದು ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ತಂಡದಿಂದ. ಬಿಹಾರದ ಎಲ್ಲ ಆಶ್ರಯಧಾಮಗಳ ಸಾಮಾಜಿಕ ಲೆಕ್ಕಪರಿಶೋಧನೆಗೆ ಅಂತ ಅವರು ಹೋಗಿದ್ರು. ಹೊರಗಿನಿಂದ ಬಂದವರು ಮಕ್ಕಳ ಜೊತೆ ಮಾತಾಡಿದ್ದರಿಂದ ಅದು ಗೊತ್ತಾಯ್ತು.

ಆ ಸುದ್ದಿ ಓದಿದಾಗ ನಾನು ಏನಂದ್ಕೊಂಡೆ ಗೊತ್ತಾ? "ಬಿಹಾರ ಅಲ್ವಾ, ಅಲ್ಲಿ ಹಂಗೇ."

2019ರಲ್ಲಿ ಆ ಇನ್ನೊಂದು ತಾಲ್ಲೂಕಿನಿಂದ ಫೋನ್ ಬಂತು. ಅದೇ ವಾರ್ಡನ್ನು, ಅದೇ ಕತೆ. ಆದರೆ ಈ ಸಲ ಒಬ್ಬ ಶಾಲಾ ಶಿಕ್ಷಕಿ ಯಾರನ್ನೂ ಕೇಳದೆ, ಯಾವ ಐಬಿಯಲ್ಲೂ ಕೂರದೆ, ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟಿದ್ರು. ಹುಡುಗ ತರಗತಿಯಲ್ಲಿ ಮಂಕಾಗಿ ಕೂರೋದನ್ನ ನೋಡಿ ಹತ್ತಿರ ಕೂರಿಸಿಕೊಂಡು ಕೇಳಿದ್ರಂತೆ. ಅಷ್ಟೇ ಅವರು ಮಾಡಿದ್ದು. ನಮ್ಮ ಸಂಘಟನೆ, ನಮ್ಮ ಘೋಷಣೆ, ನಮ್ಮ ಲೆಟರ್‌ಹೆಡ್ಡು ಮಾಡದೇ ಇದ್ದದ್ದನ್ನ ಒಬ್ಬ ಮೇಷ್ಟ್ರಮ್ಮ ಒಂದು ಮಧ್ಯಾಹ್ನದಲ್ಲಿ ಮಾಡಿದ್ರು.

ನಾನು ಹೋಗಿ ಪೊಲೀಸರಿಗೆ ಹೇಳಿಕೆ ಕೊಟ್ಟೆ, ಮೂರು ವರ್ಷದ ಹಿಂದಿನ ಮನವಿ ಪತ್ರದ ನಕಲು ಸಮೇತ. ನನಗೆ ಮೊದಲೇ ಗೊತ್ತಿತ್ತು ಅನ್ನೋದಕ್ಕೆ ನಾನೇ ಬರೆದ ಸಾಕ್ಷಿ. ಕೇಸು ಕೋರ್ಟಿನಲ್ಲಿದೆ, ಅದರ ಬಗ್ಗೆ ಹೆಚ್ಚು ಹೇಳಲ್ಲ.

ಈಗ ಕಾನೂನಿನ ವಿಷಯ. ನನ್ನ ಹಾಗೆ ಮನವಿ ಬರೆಯೋರು, ಪಂಚಾಯ್ತಿಗೆ ಕೂರೋರು ದಯಮಾಡಿ ಗಮನ ಕೊಟ್ಟು ಓದಿ.

ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರಲ್ಲಿ ಮಗು ಅಂದರೆ 18 ವರ್ಷ ತುಂಬದ ಯಾರೇ ಆಗಲಿ. ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ಗಂಡು ಹುಡುಗರಿಗೆ ಹಿಂಗಾಗುತ್ತಾ ಅಂತ ನಗೋರಿಗೆ ಇದನ್ನ ತೋರಿಸಿ. ಮಗುವಿನ ಮೇಲೆ ಇಂಥ ಅಪರಾಧ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ, ಆಗಬಹುದು ಅನ್ನೋ ಅನುಮಾನ ಬಂದವರೂ ಸೇರಿ, ಪೊಲೀಸರಿಗೆ ತಿಳಿಸಲೇಬೇಕು. ಇದು 19ನೇ ಸೆಕ್ಷನ್. ತಿಳಿಸದೇ ಇದ್ದರೆ ಅದೇ ಒಂದು ಅಪರಾಧ. 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹೇಳದೇ ಇದ್ದದ್ದಕ್ಕೆ ಮಗುವಿಗೆ ಮಾತ್ರ ಶಿಕ್ಷೆ ಇಲ್ಲ.

ಅಂದರೆ 2016ರ ಆ ಸಂಜೆ ಐಬಿಯಲ್ಲಿ ಕೂತಿದ್ದ ನಾವಷ್ಟೂ ಜನ ಕಾನೂನಿನ ಕಣ್ಣಲ್ಲಿ ತಪ್ಪಿತಸ್ಥರೇ. "ವರ್ಗಾವಣೆ ಮಾಡಿ" ಅನ್ನೋ ಮನವಿ ಪೊಲೀಸ್ ದೂರು ಆಗಲ್ಲ. ವರ್ಗಾವಣೆ ಶಿಕ್ಷೆಯೂ ಅಲ್ಲ. ಅಪರಾಧಿಗೆ ಹೊಸ ಊರು, ಹೊಸ ಮಕ್ಕಳು, ಮೇಲೆ ಪ್ರಯಾಣ ಭತ್ಯೆ.

ಇಂಥವರಿಗೆ ಕಾನೂನು ಇನ್ನೂ ಬಿಗಿ ಇದೆ. ಹಾಸ್ಟೆಲು, ಶಾಲೆ, ಮಕ್ಕಳ ಧಾಮದ ಸಿಬ್ಬಂದಿಯೇ ಅತ್ಯಾಚಾರದಂಥ ಕೃತ್ಯ ಎಸಗಿದರೆ ಅದು ಸಾಮಾನ್ಯ ಅಪರಾಧ ಅಲ್ಲ, ಉಗ್ರ ಸ್ವರೂಪದ್ದು. 2019ರ ತಿದ್ದುಪಡಿ ಆದಮೇಲೆ ಅದಕ್ಕೆ ಕನಿಷ್ಠ 20 ವರ್ಷ. ಲೈಂಗಿಕ ದೌರ್ಜನ್ಯ ಅಲ್ಲದೆ ಹೊಡೆಯೋದು, ಹಿಂಸೆ ಕೊಡೋದಕ್ಕೂ ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್ ಇದೆ. ಮಕ್ಕಳನ್ನ ನೋಡಿಕೊಳ್ಳೋ ಸಂಸ್ಥೆಯವರೇ ಆ ಕೆಲಸ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ, ಐದು ಲಕ್ಷದವರೆಗೆ ದಂಡ.

ರಾಜಿ ಮಾಡಿಸೋ ಹಿರಿಯರಿಗೆ ಒಂದು ಮಾತು. ರಾಜಸ್ಥಾನದಲ್ಲಿ ಒಬ್ಬ ಮೇಷ್ಟ್ರ ಮೇಲಿನ ಇಂಥ ಕೇಸನ್ನ, ಹುಡುಗಿ ಮನೆಯವರು ರಾಜಿ ಆಗಿದ್ದಾರೆ ಅನ್ನೋ ಕಾರಣಕ್ಕೆ ಹೈಕೋರ್ಟೇ ರದ್ದು ಮಾಡಿತ್ತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನ ತಳ್ಳಿಹಾಕಿತು. ಇದು ಇಬ್ಬರ ನಡುವಿನ ಖಾಸಗಿ ಜಗಳ ಅಲ್ಲ, ರಾಜಿಯಲ್ಲಿ ಮುಗಿಯೋದಲ್ಲ ಅಂತ. ಹೈಕೋರ್ಟಿನ ಆದೇಶವೇ ನಿಲ್ಲಲಿಲ್ಲ ಅಂದ್ಮೇಲೆ ಅರಳಿಕಟ್ಟೆ ರಾಜಿಗೆ ಏನು ಬೆಲೆ?

"ಸುಳ್ಳು ದೂರು ಆದ್ರೆ?" ಅಂತ ಯಾರೋ ಕೇಳೇ ಕೇಳ್ತೀರಿ. ನಿಜ ಸುಳ್ಳು ನೋಡೋದು ಪೊಲೀಸರ ಕೆಲಸ, ಕೋರ್ಟಿನ ಕೆಲಸ. ಒಳ್ಳೆ ಮನಸ್ಸಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಕ್ರಮವೂ ಆಗಬಾರದು ಅಂತ ಅದೇ 19ನೇ ಸೆಕ್ಷನ್ ಹೇಳುತ್ತೆ. ನಾವು ಐಬಿಯಲ್ಲಿ ಕೂತು ಜಡ್ಜ್ ಆಗೋದು ಬೇಕಿಲ್ಲ.

ಈಗ ನಮ್ಮ ಒಳಗಿನ ಮಾತು. ಇದನ್ನ ಬರೆದರೆ ಕೆಲವರು ಬೈತಾರೆ ಅಂತ ಗೊತ್ತಿದೆ.

2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಪರಿಶಿಷ್ಟ ಜಾತಿಯ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ವಿಡಿಯೊ ಹೊರಗೆ ಬಂತು. ರಾಜ್ಯವೇ ಎದ್ದು ಕೂತಿತು. ಪ್ರಾಂಶುಪಾಲರು, ಶಿಕ್ಷಕರ ಬಂಧನ ಆಯ್ತು. ನಾವೆಲ್ಲ ಬೀದಿಗಿಳಿದ್ವಿ. ಇಳಿಯಲೇಬೇಕಿತ್ತು.

ಅಲ್ಲಿ ದನಿ ಎತ್ತೋದು ನಮಗೆ ಸುಲಭ ಆಯ್ತು. ಅದು ಜಾತಿ ದೌರ್ಜನ್ಯ, ಎದುರಿಗೆ ವ್ಯವಸ್ಥೆ ಇದೆ, ಕೈಯಲ್ಲಿ ಅಟ್ರಾಸಿಟಿ ಕಾಯ್ದೆ ಇದೆ. ಆದರೆ ಹಿಂಸೆ ಕೊಟ್ಟವನು ನಮ್ಮವನೇ ಆದಾಗ? ಅಲ್ಲಿ ಅಟ್ರಾಸಿಟಿ ಕಾಯ್ದೆ ಬರಲ್ಲ, ನಮ್ಮ ಘೋಷಣೆಯೂ ಬರಲ್ಲ. "ಸಮುದಾಯದ ಮರ್ಯಾದೆ" ಅನ್ನೋ ಮಾತು ಬರುತ್ತೆ. ಮೇಲ್ಜಾತಿಯವರು ತಮ್ಮ ಮಠ, ತಮ್ಮ ಸಂಸ್ಥೆ ಅಂತ ಮುಚ್ಚಿಟ್ಟಾಗ ನಾವು ಏನು ಬೈತೀವೋ ಅದನ್ನೇ ನಾವೂ ಮಾಡ್ತೀವಿ. ಹನ್ನೆರಡು ವರ್ಷದ ದಲಿತ ಮಗುವಿಗೂ ಒಂದು ಮರ್ಯಾದೆ ಇದೆ, ಅದು ಸಮುದಾಯದ ಮರ್ಯಾದೆಗಿಂತ ಬೇರೆ ಅಲ್ಲ ಅಂತ ನಾವು ಯಾವತ್ತು ಕಲಿಯೋದು?

"ಹಾಸ್ಟೆಲು ಮುಚ್ಚಿಬಿಡ್ತಾರೆ" ಅನ್ನೋ ಭಯ ಸುಳ್ಳಲ್ಲ, ನನಗೂ ಇದೆ. ಆದರೆ ಯೋಚನೆ ಮಾಡಿ. ಆ ತಾಯಿಯ ಮಗ ಆಮೇಲೆ ಹಾಸ್ಟೆಲಿಗೆ ಹೋಗಲಿಲ್ಲ. ಊರಿಂದ ಓಡಾಡೋಕೆ ಬಸ್ಸಿರಲಿಲ್ಲ. ಏಳನೇ ಕ್ಲಾಸಿಗೆ ಓದು ನಿಂತಿತು. ಅವನ ಪಾಲಿಗೆ ಹಾಸ್ಟೆಲು ಆವತ್ತೇ ಮುಚ್ಚಿಹೋಯ್ತು. ನಾವು ಬಾಯಿ ಮುಚ್ಚಿಕೊಂಡು ಉಳಿಸಿದ್ದು ಗೋಡೆಗಳನ್ನ. ಇನ್ನೂ ಒಂದು ಮಾತು. ಒಂದು ಹಾಸ್ಟೆಲಿನ ಸುದ್ದಿ ಪಿಸುಮಾತಲ್ಲಿ ಹತ್ತು ಊರಿಗೆ ಹರಡುತ್ತೆ. ಕೇಸು ಆಗದಿದ್ದರೆ ಅಪ್ಪ ಅಮ್ಮಂದಿರು ಎಲ್ಲಾ ಹಾಸ್ಟೆಲುಗಳನ್ನೂ ಅನುಮಾನಿಸ್ತಾರೆ. ಕೇಸಾಗಿ, ಅವನು ಜೈಲಿಗೆ ಹೋಗಿ, ಬೇರೆ ವಾರ್ಡನ್ ಬಂದ್ರೆ ತಾನೆ ಮಕ್ಕಳನ್ನ ಮತ್ತೆ ಕಳಿಸೋ ಧೈರ್ಯ ಬರೋದು?

ತಪಾಸಣೆ ಬಗ್ಗೆ ಗುಮಾಸ್ತನಾಗಿ ಒಂದು ಮಾತು ಹೇಳ್ತೀನಿ. ತಪಾಸಣೆ ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಸಾಹೇಬರು ಬರ್ತಾರೆ ಅಂತ ಹಿಂದಿನ ದಿನವೇ ಫೋನ್ ಬರುತ್ತೆ. ನೆಲ ಸಾರಿಸ್ತಾರೆ. ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ, ಅಕ್ಕಿ ಬೇಳೆ ಲೆಕ್ಕ ಸರಿಮಾಡಿ ಇಡ್ತಾರೆ. ಸಾಹೇಬರು ಬಂದು ಅನ್ನದ ರುಚಿ ನೋಡ್ತಾರೆ. ಮಕ್ಕಳನ್ನ ಸಾಲಾಗಿ ನಿಲ್ಲಿಸಿ, ವಾರ್ಡನ್ ಪಕ್ಕದಲ್ಲೇ ಇರುವಾಗ, "ಏನಪ್ಪಾ, ಏನಾದ್ರೂ ತೊಂದ್ರೆ ಇದ್ಯಾ?" ಅಂತಾರೆ. ಮಕ್ಕಳು ಒಂದೇ ದನಿಯಲ್ಲಿ "ಇಲ್ಲ ಸಾರ್" ಅಂತಾರೆ. "ನಿಲಯದ ನಿರ್ವಹಣೆ ತೃಪ್ತಿಕರವಾಗಿದೆ" ಅಂತ ಷರಾ ಬೀಳುತ್ತೆ. ಅಕ್ಕಿ ಒಂದು ಚೀಲ ಕಮ್ಮಿ ಬಂದ್ರೆ ನೋಟಿಸ್ ಕೊಡ್ತಾರೆ. ಒಂದು ಮಗು ರಜ ಮುಗಿದರೂ ವಾಪಸ್ ಬರಲಿಲ್ಲ ಅಂದ್ರೆ ಹೆಸರಿನ ಮುಂದೆ "ಬಿಟ್ಟಿದೆ" ಅಂತ ಬರೀತಾರೆ, ಮುಗೀತು. ಯಾಕೆ ಬಿಟ್ಟಿತು ಅಂತ ಕೇಳೋ ಕಾಲಂ ಯಾವ ರಿಜಿಸ್ಟರಲ್ಲೂ ನಾನು ನೋಡಿಲ್ಲ.

ಹಾಸ್ಟೆಲಿನ ಮಗುವಿಗೆ ಹೆಂಗೋ ಒಂದು ದಸರಾ ರಜ ಇದೆ, ಒಂದು ಅಜ್ಜಿ ಇದ್ದಾಳೆ. ಬಾಲಮಂದಿರಗಳಲ್ಲಿ, ಖಾಸಗಿ ಅನಾಥಾಲಯಗಳಲ್ಲಿ ಇರೋ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅದೂ ಇಲ್ಲ. ಅಲ್ಲಿನವರು ಕೈಬಿಟ್ಟರೆ ಅವರಿಗೆ ಹೇಳಿಕೊಳ್ಳೋಕೆ ಲೋಕದಲ್ಲಿ ಇನ್ಯಾರೂ ಇಲ್ಲ. ಅದಕ್ಕೇ ಕಾನೂನು ಅಲ್ಲಿ ಹೆಚ್ಚು ಕಾವಲು ಇಟ್ಟಿದೆ. ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅಂಥ ಪ್ರತಿ ಸಂಸ್ಥೆಯೂ ನೋಂದಣಿ ಆಗಿರಲೇಬೇಕು. ಆಗದಿದ್ದರೆ ನಡೆಸೋರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆ ಇಲ್ಲದ ದಂಡ, ಇಲ್ಲವೇ ಎರಡೂ. ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೆ ಕನಿಷ್ಠ ಎರಡು ಸಲ ಇಂಥ ಕಡೆ ಹೋಗಿ ನೋಡಬೇಕು. ಪೋಷಕ ಕುಟುಂಬಕ್ಕೆ ಕೊಟ್ಟ ಮಗುವನ್ನೂ ಪ್ರತಿ ತಿಂಗಳು ಹೋಗಿ ನೋಡಬೇಕು. ಸಲಹಾ ಪೆಟ್ಟಿಗೆ ಇಡಬೇಕು, ಅದರ ಕೀಲಿ ಧಾಮ ನಡೆಸೋರ ಕೈಯಲ್ಲಿ ಇರಬಾರದು, ವಾರಕ್ಕೊಮ್ಮೆ ಮಕ್ಕಳ ಸಮಿತಿಯವರ ಎದುರಿಗೇ ತೆಗೀಬೇಕು ಅಂತ ನಿಯಮ ಇದೆ.

ಆದರೆ ಅಪ್ಪ ಅಮ್ಮ ಇದ್ದು ಓದೋಕೆ ಅಂತ ಬಂದ ಮಕ್ಕಳ ಹಾಸ್ಟೆಲುಗಳನ್ನ ಯಾರೂ ಈ ಲೆಕ್ಕಕ್ಕೆ ತಗೊಳಲ್ಲ. ಬಾಲಮಂದಿರ ಒಂದು ಇಲಾಖೆ, ನಮ್ಮ ಹಾಸ್ಟೆಲು ಇನ್ನೊಂದು ಇಲಾಖೆ, ಬಿಸಿಎಂ ಮತ್ತೊಂದು, ವಸತಿ ಶಾಲೆಗಳಿಗೆ ಬೇರೆಯೇ ಸಂಘ. ಈ ಇಲಾಖೆ ಆ ಇಲಾಖೆ ಕಡೆ ಕೈ ತೋರಿಸುತ್ತೆ. ಪೋಕ್ಸೊ ಎಲ್ಲ ಕಡೆಗೂ ಬರುತ್ತೆ, ಆದ್ರೆ ಅದು ಆದಮೇಲೆ ಬರೋ ಕಾನೂನು. ಆಗೋಕೆ ಮುಂಚೆ ಕಾಯೋ ಕಣ್ಣು ನಮ್ಮ ಹಾಸ್ಟೆಲುಗಳಿಗೆ ಯಾಕಿರಬಾರದು?

ಸರ್ಕಾರದ ಮುಂದೆ, ಅದಕ್ಕಿಂತ ಮೊದಲು ನಮ್ಮ ಸಂಘಟನೆಗಳ ಮುಂದೆ ನನ್ನ ಬೇಡಿಕೆ ಇಷ್ಟು:

1. ಮಗು ಬಾಯಿ ಬಿಟ್ಟ ದಿನವೇ ಪೊಲೀಸ್ ದೂರು. ಮನವಿ, ಧರಣಿ, ಪ್ರೆಸ್‌ಮೀಟು ಎಲ್ಲ ಆಮೇಲೆ. ಮನವಿ ಬರೆಯೋದಾದರೂ "ವರ್ಗಾವಣೆ" ಅನ್ನೋ ಪದ ಬೇಡ. ಎಫ್‌ಐಆರ್, ಅಮಾನತು, ತನಿಖೆ ಮುಗಿಯೋವರೆಗೆ ಯಾವ ಹಾಸ್ಟೆಲಿನ ಜವಾಬ್ದಾರಿಯೂ ಕೊಡಬಾರದು, ಹೀಗೇ ಬರೀಬೇಕು.

2. ಯಾವ ಇಲಾಖೆಯ ಹಾಸ್ಟೆಲ್ಲೇ ಆಗಲಿ, ತಿಂಗಳಿಗೊಮ್ಮೆ ಆ ಇಲಾಖೆಗೆ ಸಂಬಂಧವಿಲ್ಲದ ಇಬ್ಬರು ಬರಬೇಕು, ಒಬ್ಬರು ಹೆಂಗಸಾಗಿರಬೇಕು. ಹೇಳದೆ ಬರಬೇಕು. ವಾರ್ಡನ್ನು, ಅಡುಗೆಯವರು ಯಾರೂ ಇಲ್ಲದ ಕಡೆ ಮಕ್ಕಳ ಜೊತೆ ಕೂತು ಮಾತಾಡಬೇಕು.

3. ದೂರು ಪೆಟ್ಟಿಗೆಯ ಕೀಲಿ ವಾರ್ಡನ್ ಕೈಯಲ್ಲಿ ಇರಬಾರದು. 1098 ನಂಬರ್ ಆಫೀಸ್ ರೂಮಿನಲ್ಲಿ ಅಲ್ಲ, ಮಕ್ಕಳು ಮಲಗೋ ಕೋಣೆಯ ಗೋಡೆ ಮೇಲೆ ಬರೆಸಬೇಕು. ನಂಬರ್ ಇದ್ದು ಫೋನ್ ಇಲ್ಲದಿದ್ರೆ ಏನು ಉಪಯೋಗ? ಯಾರ ಅಪ್ಪಣೆಯೂ ಇಲ್ಲದೆ ಮಕ್ಕಳು ಮಾತಾಡಬಹುದಾದ ಒಂದು ಫೋನ್ ಇರಬೇಕು.

4. ರಾತ್ರಿ ಹಾಸ್ಟೆಲಲ್ಲಿ ಯಾರು ಇರ್ತಾರೆ ಅನ್ನೋದರ ಪಟ್ಟಿ ಬೇಕು. ವಾರ್ಡನ್ನು, ಅಡುಗೆಯವರು, ವಾಚ್‌ಮನ್, ಹೊರಗುತ್ತಿಗೆಯವರು, ಎಲ್ಲರದ್ದೂ ಪೊಲೀಸ್ ಪರಿಶೀಲನೆ ಆಗಿರಬೇಕು. ವಾರ್ಡನ್ ಗಂಡ, ಬಾಮೈದ, ನೆಂಟರು ಅಂತ ಯಾರೂ ರಾತ್ರಿ ತಂಗಬಾರದು.

5. ರಜ ಮುಗಿದ ಮೇಲೆ ಒಂದು ವಾರದಲ್ಲಿ ವಾಪಸ್ ಬರದ ಮಗುವಿನ ಮನೆಗೆ ಯಾರಾದರೂ ಹೋಗಿ ಯಾಕೆ ಅಂತ ಕೇಳಲೇಬೇಕು. ವಾರ್ಡನ್ ಅಲ್ಲ, ಬೇರೆಯವರು.

6. ದೂರು ಕೊಟ್ಟ ಮಗುವನ್ನ ಒಂಟಿ ಬಿಡಬಾರದು. 2020ರ ಪೋಕ್ಸೊ ನಿಯಮಗಳಲ್ಲಿ ತನಿಖೆ, ವಿಚಾರಣೆ ಮುಗಿಯೋವರೆಗೆ ಮಗುವಿನ ಜೊತೆ ನಿಲ್ಲೋ ಬೆಂಬಲ ವ್ಯಕ್ತಿಯನ್ನ ಮಕ್ಕಳ ಕಲ್ಯಾಣ ಸಮಿತಿ ಕೊಡಬಹುದು ಅಂತ ಇದೆ. ಕೇಳಿ ಪಡೀರಿ. ಹೇಳಿಕೆ ತಗೊಳೋ ಪೊಲೀಸರು ಯೂನಿಫಾರ್ಮಲ್ಲಿ ಇರಬಾರದು, ಮಗುವನ್ನ ರಾತ್ರಿ ಸ್ಟೇಷನ್ನಿನಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಪರಿಹಾರಕ್ಕೂ ಅವಕಾಶ ಇದೆ. ಆ ಕೂಲಿ ತಾಯಿ ಎಲ್ಲಿ ಓಡಾಡ್ತಾಳೆ ಅಂತ ಕೇಳಿದ್ದೆವಲ್ಲ, ಅವಳ ಜೊತೆ ಓಡಾಡೋದೇ ಸಂಘಟನೆ ಕೆಲಸ. ಬೇರೆ ಇನ್ಯಾಕೆ ಇದೆ ಸಂಘಟನೆ?

7. ಕೈಮುಗಿದು ಕೇಳ್ತೀನಿ, ಮಗುವಿನ ಹೆಸರು, ಫೋಟೊ, ಊರು, ಶಾಲೆ ಯಾವುದನ್ನೂ ವಾಟ್ಸಾಪು ಫೇಸ್‌ಬುಕ್ಕಲ್ಲಿ ಹಾಕಬೇಡಿ. "ನ್ಯಾಯ ಸಿಗಲಿ" ಅಂತ ಒಳ್ಳೆ ಮನಸ್ಸಿಂದ ಹಾಕಿದರೂ ಅದು ಅಪರಾಧ, 23ನೇ ಸೆಕ್ಷನ್. ಅದಕ್ಕಿಂತ ಹೆಚ್ಚಾಗಿ ಆ ಮಗು ನಾಳೆ ಅದೇ ಊರಲ್ಲಿ ಬದುಕಬೇಕು.

ಕೊನೆಗೆ ಆ ಹುಡುಗನ ಬಗ್ಗೆ.

ಈಗ ಅವನಿಗೆ ಇಪ್ಪತ್ತೊಂದು ತುಂಬಿದೆ. ಒಂದು ವಾಟರ್ ಸರ್ವಿಸ್ ಅಂಗಡಿಯಲ್ಲಿ ಗಾಡಿ ತೊಳೆಯೋ ಕೆಲಸ. ಹೋದ ವರ್ಷ ನನ್ನ ಸ್ಕೂಟರ್ ತೊಳೆಸೋಕೆ ಅಂತ ಹೋದಾಗ ಅವನೇ ಗುರುತು ಹಿಡಿದ. ನನಗೆ ಗುರುತು ಸಿಗಲಿಲ್ಲ. ಹೆಸರು ಹೇಳಿದ ಮೇಲೆ ಏನು ಮಾತಾಡಬೇಕು ಅಂತ ತಿಳೀದೆ ನಿಂತೆ. ಟೀ ಕುಡಿಯೋಣ ಬಾ ಅಂದೆ. ಬಂದ. ನಾನು ತಡವರಿಸಿಕೊಂಡು "ತಪ್ಪಾಯ್ತು ಕಣಪ್ಪ, ಆವತ್ತು ಕೇಸ್ ಮಾಡಿಸಬೇಕಿತ್ತು" ಅಂದೆ. ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ಟೀ ಲೋಟ ನೋಡ್ತಾ ಹೇಳಿದ:

"ಕೇಸು ಬಿಡಿ ಅಣ್ಣ, ಅದೆಲ್ಲ ನಂಗೆ ಆಗ ಎಲ್ಲಿ ಗೊತ್ತಿತ್ತು. ಆವತ್ತು ಆಫೀಸಿನ ಹತ್ರ ಅಷ್ಟು ಜನ ಬಂದಿದ್ರಿ. ನಮ್ಮವ್ವ ನನ್ನೂ ಕರ್ಕೊಂಡು ಬಂದಿದ್ಲು. ಗೇಟ್ ಹತ್ರ ಕೂತಿದ್ದೆ. ನನ್ ಸಲುವಾಗೇ ಇಷ್ಟು ಜನ ಬಂದವ್ರೆ ಅಂತ ನಂಗೂ ಗೊತ್ತಿತ್ತು. ಒಬ್ರೂ ಹತ್ರ ಬಂದು ಏನಾಯ್ತಪ್ಪ ಅಂತ ನನ್ನ ಕೇಳ್ಲಿಲ್ಲ."

ಅವನು ಗೇಟಿನ ಹತ್ತಿರ ಕೂತಿದ್ದದ್ದು ನನಗೆ ನೆನಪೇ ಇಲ್ಲ. ಆ ದಿನದ ಫೋಟೊ ತೆಗೆದು ನೋಡಿದೆ. ಬ್ಯಾನರು ಇದೆ, ನಾವೆಲ್ಲ ಇದ್ದೀವಿ, ನಾನು ಮನವಿ ಪತ್ರ ಹಿಡ್ಕೊಂಡು ಮುಂದೆ ನಿಂತಿದ್ದೀನಿ. ಅವನು ಇಲ್ಲ.

ಮುಕ್ತ ವಿ.ವಿ.ಯಿಂದಲೋ, ನೇರ ಎಸ್ಸೆಸ್ಸೆಲ್ಸಿ ಕಟ್ಟಿಸಿಯೋ ಅವನ ಓದು ಮುಂದುವರಿಸೋಕೆ ಆಗುತ್ತಾ ಅಂತ ಈಗ ವಿಚಾರಿಸ್ತಾ ಇದ್ದೀನಿ. ಅವನು "ನೋಡಾಣ ಅಣ್ಣ" ಅಂದಿದ್ದಾನೆ. ಅದರಿಂದ ನನ್ನ ತಪ್ಪು ತೀರಲ್ಲ ಅಂತ ಗೊತ್ತು.

ನಿಮ್ಮೂರಿನ ಹಾಸ್ಟೆಲು ನಿಮ್ಮ ಮನೆಯಿಂದ ಎಷ್ಟು ದೂರ? ಈ ಭಾನುವಾರ ಹೋಗಿ. ಮಾಲೆ ಹಾಕೋಕೆ, ಭಾಷಣ ಮಾಡೋಕೆ, ಬ್ಯಾಗು ಹಂಚಿ ಫೋಟೊ ತೆಗೆಸಿಕೊಳ್ಳೋಕೆ ಅಲ್ಲ. ಅಂಗಳದಲ್ಲಿ ಮಕ್ಕಳ ಜೊತೆ ಸ್ವಲ್ಪ ಹೊತ್ತು ಕೂತುಕೊಳ್ಳಿ, ಅವರು ಹೇಳೋದನ್ನ ಕೇಳಿ. ವಾರ್ಡನ್ ಒಳ್ಳೆಯವರಾಗಿದ್ರೆ ಖುಷಿಪಡ್ತಾರೆ. ನೀವು ಕೂರೋದು ಅವರಿಗೆ ಇಷ್ಟ ಆಗದಿದ್ದರೆ ಮುಂದಿನ ಭಾನುವಾರ ತಪ್ಪದೆ ಮತ್ತೆ ಹೋಗಿ.

ಜೈಭೀಮ್.